ಓದುಗರ ಪ್ರಶ್ನೆ: ಅಮೆರಿಕದ ಹಿಂದಿನ ಅಧ್ಯಕ್ಷರಿಂದ ಇಂದಿನ ನಾಯಕರು ಕಲಿಯಬಹುದಾದ್ದೇನು?

ನಾಯಕತ್ವದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಅಮೆರಿಕದ ಅಧ್ಯಕ್ಷರ ಗುಣಗಾನ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟಿದ್ದೇವೆ. ಧೈರ್ಯ, ದೂರದೃಷ್ಟಿ ಓದಿದ ಮಾತ್ರಕ್ಕೆ ಬರುವಂಥವಲ್ಲ. ಆದರೆ ಅವರು ಸಭೆ ಹೇಗೆ ನಡೆಸಿದರು, ಯಾರಿಂದ ಏನು ಬರೆಸಿಕೊಂಡರು, ಯಾವ ಪತ್ರವನ್ನು ಕಳಿಸದೆ ಇಟ್ಟುಕೊಂಡರು ಎಂಬುದನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು.

ಪ್ರಶ್ನೆ: ನಾನೊಂದು ತಂಡದ ಮುಖ್ಯಸ್ಥ. ಸಭೆಯಲ್ಲಿ ಎಲ್ಲರೂ ಹೂಂಗುಟ್ಟುತ್ತಾರೆ. ಕೆಲಸ ಕೆಟ್ಟ ಮೇಲೆ ‘ನನಗೆ ಮೊದಲೇ ಅನುಮಾನವಿತ್ತು’ ಅನ್ನುತ್ತಾರೆ. ಅದನ್ನು ಮೊದಲೇ ಹೇಳಿಸುವುದು ಹೇಗೆ?

ಉತ್ತರ: ಜಾನ್ ಕೆನಡಿಗೂ ಇದೇ ಆಯಿತು, ಬಹಳ ದುಬಾರಿಯಾಗಿ. 1961ರ ಏಪ್ರಿಲ್ 17ರಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟಿದ್ದ ಸುಮಾರು 1,400 ಕ್ಯೂಬಾ ವಲಸಿಗರು, ಅಲ್ಲಿನ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು, ಕ್ಯೂಬಾದ ಬೇ ಆಫ್ ಪಿಗ್ಸ್ ತೀರದಲ್ಲಿ ಇಳಿದರು. ಮೂರು ದಿನದಲ್ಲಿ ಎಲ್ಲ ಮುಗಿದುಹೋಯಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, 1,100ಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕರು.

ಎಡವಿದ ಜಾಗಗಳನ್ನು ಒಂದೊಂದಾಗಿ ನೋಡಬೇಕು. ಸೇನಾ ಮುಖ್ಯಸ್ಥರ ವರದಿಯಲ್ಲಿ ಯೋಜನೆಗೆ ‘ತಕ್ಕಮಟ್ಟಿನ ಅವಕಾಶ’ ಇದೆ ಎಂದು ಬರೆದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ನೂರಕ್ಕೆ ಸುಮಾರು 30. ಓದಿದವರಿಗೆ ಅದು ಒಪ್ಪಿಗೆಯಂತೆ ಕಂಡಿತು. ಎರಡನೆಯದು, ಇಳಿಯುವ ಜಾಗವನ್ನು ಟ್ರಿನಿಡಾಡ್ ಪಟ್ಟಣದ ಬಳಿಯಿಂದ ಬೇ ಆಫ್ ಪಿಗ್ಸ್‌ಗೆ ಬದಲಿಸಿದರು. ಸೋತರೆ ಎಸ್ಕಾಂಬ್ರೆ ಬೆಟ್ಟಗಳಿಗೆ ಜಾರಿಕೊಳ್ಳಬಹುದೆಂಬ ಲೆಕ್ಕ ಮಾತ್ರ ಹಾಗೇ ಉಳಿಯಿತು. ಹೊಸ ಜಾಗಕ್ಕೂ ಆ ಬೆಟ್ಟಗಳಿಗೂ ನಡುವೆ ಸುಮಾರು 80 ಮೈಲಿ ದೂರವಿತ್ತು, ಅದರಲ್ಲಿ ದೊಡ್ಡ ಜೌಗು ಪ್ರದೇಶ. ನಕ್ಷೆ ಬಿಡಿಸಿ ತೋರಿಸಿ ಎಂದು ಸಭೆಯಲ್ಲಿ ಒಬ್ಬರೂ ಪಟ್ಟು ಹಿಡಿಯಲಿಲ್ಲ. ಮೂರನೆಯದು, ಸಲಹೆಗಾರ ಆರ್ಥರ್ ಶ್ಲೆಸಿಂಜರ್ ತಮ್ಮ ವಿರೋಧವನ್ನು ಬರೆದು ಕೊಟ್ಟಿದ್ದರು, ಆದರೆ ಸಭೆಯಲ್ಲಿ ಬಾಯಿ ಕಟ್ಟಿಕೊಂಡು ಕೂತರು.

ಸೋಲಾಗಿ ಕೆಲವೇ ದಿನಗಳಲ್ಲಿ ಕೆನಡಿ ತಮ್ಮ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿಕೊಂಡರು. ಐಸೆನ್‌ಹೋವರ್ ಕೇಳಿದ ಮುಖ್ಯ ಪ್ರಶ್ನೆ ಸೈನ್ಯದ ಬಗ್ಗೆ ಅಲ್ಲ, ಸಭೆಯ ಬಗ್ಗೆ: ಒಪ್ಪಿಗೆ ಕೊಡುವ ಮುನ್ನ ಎಲ್ಲರನ್ನೂ ಎದುರಿಗೆ ಕೂರಿಸಿ ವಾದ ಮಾಡಿಸಿದಿರೋ, ಅಥವಾ ಒಬ್ಬೊಬ್ಬರನ್ನೇ ಕರೆದು ಮಾತಾಡಿದಿರೋ?

ಅದೇ ಕೆನಡಿ, ಬಹುಪಾಲು ಅದೇ ಸಲಹೆಗಾರರು, 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟನ್ನು (ಸೋವಿಯತ್ ಒಕ್ಕೂಟ ಅಲ್ಲಿ ಅಣ್ವಸ್ತ್ರ ಕ್ಷಿಪಣಿ ತಂದಿಟ್ಟದ್ದು ಗೊತ್ತಾದಾಗ) ಬೇರೆ ರೀತಿ ಎದುರಿಸಿದರು. 16ರಂದು ಮೊದಲ ಸಭೆಯಲ್ಲಿ ಹೆಚ್ಚಿನವರ ಒಲವು ವಾಯುದಾಳಿಯ ಕಡೆಗಿತ್ತು. ನಂತರದ ಕೆಲವು ಸಭೆಗಳಲ್ಲಿ ಕೆನಡಿ ಕೂರಲೇ ಇಲ್ಲ. ಅಧ್ಯಕ್ಷರ ಮುಖ ನೋಡಿ ಮಾತಾಡುವವರಿಗೆ ನೋಡಲು ಮುಖವೇ ಇರಲಿಲ್ಲ. ಸಲಹೆಗಾರರು ಗುಂಪುಗಳಾಗಿ ಒಡೆದರು. ಒಂದು ದಾಳಿಯ ಪರ, ಇನ್ನೊಂದು ನೌಕಾ ದಿಗ್ಬಂಧನದ ಪರ ಬರೆಯಿತು. ಆಮೇಲೆ ಕಾಗದಗಳನ್ನು ಅದಲುಬದಲು ಮಾಡಿಕೊಂಡು ಒಬ್ಬರದ್ದರಲ್ಲಿ ಇನ್ನೊಬ್ಬರು ತಪ್ಪು ಹುಡುಕಿದರು. 21ರಂದು ಕೆನಡಿ ವಾಯುದಾಳಿ ನಡೆಸಬೇಕಾಗಿದ್ದ ಜನರಲ್ ಸ್ವೀನಿಯವರನ್ನೇ ಕರೆಸಿ ಕೇಳಿದರು. ದಾಳಿ ಎಷ್ಟೇ ಚೆನ್ನಾಗಿ ನಡೆದರೂ ಎಲ್ಲ ಕ್ಷಿಪಣಿಗಳೂ ನಾಶವಾಗುತ್ತವೆಂಬ ಭರವಸೆ ಕೊಡಲಾರೆ ಎಂದರು ಅವರು. ದಿಗ್ಬಂಧನದ ಕಡೆ ತಕ್ಕಡಿ ವಾಲಲು ಆ ಉತ್ತರವೂ ಒಂದು ಕಾರಣ.

ನಿಮ್ಮ ಮುಂದಿನ ದೊಡ್ಡ ತೀರ್ಮಾನಕ್ಕೆ ಇದನ್ನು ಹೀಗೆ ಇಳಿಸಿಕೊಳ್ಳಿ. ಸಭೆಯ ಹಿಂದಿನ ದಿನವೇ ಪ್ರತಿಯೊಬ್ಬರಿಂದ ಅರ್ಧ ಪುಟ ಬರೆಸಿಕೊಳ್ಳಿ: ಇದು ಕೈಕೊಟ್ಟರೆ ಯಾವ ಕಾರಣಕ್ಕೆ ಕೈಕೊಡುತ್ತದೆ? ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂಬ ಮಾತು ಬಂದರೆ ನೂರಕ್ಕೆ ಎಷ್ಟು ಎಂದು ಕೇಳಿ. ಇಬ್ಬಿಬ್ಬರ ಎರಡು ಗುಂಪು ಮಾಡಿ, ಎದುರುಬದುರು ಎರಡು ಯೋಜನೆ ಬರೆಸಿ, ಅದಲುಬದಲು ಮಾಡಿಸಿ. ಮೊದಲ ಅರ್ಧ ಗಂಟೆ ನೀವು ಕೋಣೆಯಲ್ಲಿ ಇರಬೇಡಿ. ಒಳಗೆ ಬಂದ ಮೇಲೆ ಕಿರಿಯರಿಂದ ಶುರುಮಾಡಿ, ನಿಮ್ಮ ಮಾತು ಕೊನೆಗಿರಲಿ. ಕೆಲಸವನ್ನು ಕೈಯಾರೆ ಮಾಡುವವರನ್ನು ಕರೆಸಿ ಕೇಳದೆ ತೀರ್ಮಾನ ಬರೆಯಬೇಡಿ. ಯೋಜನೆಯ ಒಂದು ಭಾಗ ಬದಲಾದರೆ, ಅದನ್ನು ನಂಬಿ ನಿಂತಿದ್ದ ಉಳಿದ ಭಾಗಗಳನ್ನು ಮತ್ತೆ ಮೊದಲಿನಿಂದ ಪರಿಶೀಲಿಸಿ.

ಇಲ್ಲೊಂದು ಅಪಾಯವಿದೆ. ಪ್ರತಿ ಸಭೆಯಲ್ಲೂ ವಿರೋಧ ಹೇಳುವ ಕೆಲಸವನ್ನು ಒಬ್ಬನಿಗೇ ವಹಿಸಬೇಡಿ. ಲಿಂಡನ್ ಜಾನ್ಸನ್ ಆಡಳಿತದಲ್ಲಿ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಜಾರ್ಜ್ ಬಾಲ್ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ 1964ರಲ್ಲೇ 67 ಪುಟಗಳ ಟಿಪ್ಪಣಿ ಬರೆದರು. ಬರಬರುತ್ತಾ ಅವರ ವಿರೋಧ ಸಭೆಯ ಒಂದು ವಾಡಿಕೆಯಾಯಿತು: ಬಾಲ್ ಮಾತಾಡುತ್ತಾರೆ, ಎಲ್ಲರೂ ಗೌರವದಿಂದ ಕೇಳುತ್ತಾರೆ, ಎರಡೂ ಕಡೆ ನೋಡಿದೆವೆಂಬ ಸಮಾಧಾನದಿಂದ ಮುಂದೆ ಹೋಗುತ್ತಾರೆ. 1965ರ ಜುಲೈ 28ರಂದು ಜಾನ್ಸನ್ ವಿಯೆಟ್ನಾಂನಲ್ಲಿನ ಸೈನ್ಯವನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ವಿರೋಧ ಹೇಳುವ ಸರದಿ ಬದಲಾಗುತ್ತಿರಬೇಕು. ಎತ್ತಿದ ಪ್ರತಿ ಆಕ್ಷೇಪಕ್ಕೂ ಉತ್ತರ ಏನು ಬಂತು ಎಂದು ನಡಾವಳಿಯಲ್ಲಿ ದಾಖಲಾಗಬೇಕು.

ಪ್ರಶ್ನೆ: ಸಹೋದ್ಯೋಗಿಯೊಬ್ಬರು ಕೈಗೆ ಬಂದ ಅವಕಾಶ ಕಳೆದುಬಿಟ್ಟರು. ಖಾರವಾದ ಇಮೇಲ್ ಬರೆದಿಟ್ಟಿದ್ದೇನೆ. ಕಳಿಸಲೇ?

ಉತ್ತರ: ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ ಮೊದಲ ವಾರ ಗೆಟಿಸ್‌ಬರ್ಗ್‌ನಲ್ಲಿ ಗೆದ್ದ ಉತ್ತರದ ಸೈನ್ಯದ ಜನರಲ್ ಮೀಡ್, ಸೋತು ಹಿಂದೆ ಸರಿಯುತ್ತಿದ್ದ ದಕ್ಷಿಣದ ಜನರಲ್ ಲೀ ಸೈನ್ಯವನ್ನು ಬೆನ್ನಟ್ಟಿ ಮುಗಿಸಲಿಲ್ಲ. 13ರ ರಾತ್ರಿ ಲೀ ಪೊಟೊಮ್ಯಾಕ್ ನದಿ ದಾಟಿ ಪಾರಾದರು. 14ರಂದು ಅಬ್ರಹಾಂ ಲಿಂಕನ್ ಮೀಡ್‌ಗೆ ಪತ್ರ ಬರೆದರು: ನಿಮ್ಮ ಸುವರ್ಣಾವಕಾಶ ಕೈತಪ್ಪಿತು, ನನಗಾದ ಸಂಕಟಕ್ಕೆ ಅಳತೆಯಿಲ್ಲ ಎಂಬ ಧಾಟಿಯ ಪತ್ರ. ಬರೆದು ಮಡಚಿ, ಮೀಡ್‌ಗೆ, ಕಳಿಸಿಲ್ಲ, ಸಹಿಯಾಗಿಲ್ಲ ಎಂದು ಲಕೋಟೆಯ ಮೇಲೆ ಗುರುತು ಹಾಕಿ ಇಟ್ಟುಬಿಟ್ಟರು.

ಇದನ್ನು ತಾಳ್ಮೆಯ ಪಾಠವಾಗಿ ಹೇಳುವವರು ಅದೇ ಲಿಂಕನ್ ಕಳಿಸಿದ ಪತ್ರಗಳನ್ನು ಮರೆಯುತ್ತಾರೆ. ಆರು ತಿಂಗಳ ಹಿಂದೆ, ಜನವರಿ 26ರಂದು, ಜನರಲ್ ಹೂಕರ್‌ಗೆ ಸೇನಾಧಿಪತ್ಯ ಕೊಡುವಾಗ ಲಿಂಕನ್ ಬರೆದ ಪತ್ರ ಬಹಳ ಕಟುವಾದದ್ದು. ನೀವು ಧೈರ್ಯಶಾಲಿ, ನುರಿತ ಸೈನಿಕ ಎಂದು ಶುರುವಾಗಿ, ನಿಮ್ಮ ಹಿಂದಿನ ಅಧಿಕಾರಿಗೆ ಅಡ್ಡಗಾಲು ಹಾಕಿದಿರಿ, ದೇಶಕ್ಕೆ ಸರ್ವಾಧಿಕಾರಿ ಬೇಕು ಎಂದು ಹೇಳಿದ್ದೂ ಕಿವಿಗೆ ಬಿದ್ದಿದೆ, ಅದರಿಂದಲ್ಲ, ಅದಿದ್ದರೂ ಈ ಹುದ್ದೆ ಕೊಟ್ಟಿದ್ದೇನೆ ಎಂದು ಮುಖಕ್ಕೇ ಹೇಳುತ್ತದೆ. ಆ ಪತ್ರ ತಲುಪಿತು. ಜುಲೈ 13ರಂದು, ಮೀಡ್ ಪತ್ರದ ಹಿಂದಿನ ದಿನವೇ, ವಿಕ್ಸ್‌ಬರ್ಗ್ ಗೆದ್ದ ಗ್ರಾಂಟ್‌ಗೆ ಬರೆದದ್ದೂ ತಲುಪಿತು. ನಿಮ್ಮ ಯೋಜನೆಯ ಬಗ್ಗೆ ನಾನು ತಪ್ಪು ತಿಳಿದಿದ್ದೆ, ನೀವೇ ಸರಿ ಎಂಬುದು ಅದರ ಸಾರ.

ವ್ಯತ್ಯಾಸ ಸಿಟ್ಟಿನ ಪ್ರಮಾಣದಲ್ಲಿಲ್ಲ. ಪತ್ರ ತಲುಪಿದಾಗ ಹೂಕರ್‌ ಮುಂದೆ ಇನ್ನೂ ಯುದ್ಧವಿತ್ತು, ನಡತೆ ತಿದ್ದಿಕೊಳ್ಳಲು ಸಮಯವಿತ್ತು. ಮೀಡ್‌ ಪತ್ರ ಬರೆಯುವ ಹೊತ್ತಿಗೆ ಲೀ ನದಿ ದಾಟಿಯಾಗಿತ್ತು. ಮೇಲಾಗಿ ಅಧ್ಯಕ್ಷರಿಗೆ ಅಸಮಾಧಾನವಾಗಿದೆ ಎಂಬ ತಂತಿಗೇ ನೊಂದು ಮೀಡ್ ರಾಜೀನಾಮೆಗೆ ಮುಂದಾಗಿದ್ದರು. ಪತ್ರದಿಂದ ಒಬ್ಬ ದಂಡನಾಯಕನನ್ನು ಕಳೆದುಕೊಳ್ಳಬಹುದಿತ್ತೇ ಹೊರತು ಲೀ ವಾಪಸ್ ಬರುತ್ತಿರಲಿಲ್ಲ. ಮೀಡ್ ಯುದ್ಧ ಮುಗಿಯುವವರೆಗೂ ಅದೇ ಸೈನ್ಯದ ಮುಖ್ಯಸ್ಥರಾಗಿದ್ದರು.

ಆದ್ದರಿಂದ ನಿಮ್ಮ ಇಮೇಲನ್ನು ಒಂದೇ ಪ್ರಶ್ನೆಯಿಂದ ಅಳೆಯಿರಿ: ಓದಿದವರು ನಾಳೆ ಬೆಳಿಗ್ಗೆ ಏನನ್ನಾದರೂ ಬದಲಿಸಬಲ್ಲರೇ? ಬದಲಿಸಬಲ್ಲರಾದರೆ ಕಳಿಸಿ, ಅವರಲ್ಲಿರುವ ಒಳ್ಳೆಯದನ್ನೂ ನಿಜವಿದ್ದಷ್ಟೇ ಬರೆಯಿರಿ, ತಪ್ಪನ್ನು ಹೆಸರಿಟ್ಟು ಹೇಳಿ, ಮುಂದೆ ಬೇಕಾದ್ದು ಏನೆಂದು ಕೊನೆಗೆ ಬರಲಿ, ಮೂರನೆಯವರಿಗೆ ಪ್ರತಿ ಹೋಗಬಾರದು. ಬದಲಿಸಲಾರರಾದರೆ ಬರೆದಿಟ್ಟುಕೊಳ್ಳಿ. ಹಾಗೆಂದು ನೇರವಾದ ಪತ್ರ ಪವಾಡ ಮಾಡೀತೆಂದು ಎಣಿಸಬೇಡಿ: ಹೂಕರ್ ಮೇ ತಿಂಗಳಲ್ಲಿ ಚಾನ್ಸೆಲರ್ಸ್‌ವಿಲ್‌ನಲ್ಲಿ ಸೋತರು, ಜೂನ್ ಕೊನೆಗೆ ಹುದ್ದೆ ಬಿಟ್ಟರು.

ಪ್ರಶ್ನೆ: ನನ್ನ ಕೈಕೆಳಗಿನ ಇಬ್ಬರು ಹಿರಿಯರು ಎಣ್ಣೆ ಸೀಗೆಕಾಯಿ. ಒಬ್ಬರನ್ನು ಕಳಿಸಿಬಿಡಲೇ?

ಉತ್ತರ: ಮೊದಲು ಇಬ್ಬರಿಂದಲೂ ಕೆಲಸ ತೆಗೆಯಿರಿ. 1791ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸುವ ಮಸೂದೆ ಜಾರ್ಜ್ ವಾಷಿಂಗ್ಟನ್ ಮುಂದೆ ಬಂತು. ಸಹಿಗೆ ಇದ್ದದ್ದು, ಭಾನುವಾರ ಬಿಟ್ಟು, ಹತ್ತು ದಿನ. ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್ ಮತ್ತು ಅಟಾರ್ನಿ ಜನರಲ್ ರ‍್ಯಾಂಡಾಲ್ಫ್ ಅದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಬರೆದು ಕೊಟ್ಟರು. ವಾಷಿಂಗ್ಟನ್ ಆ ಬರಹಗಳನ್ನೇ ಮಸೂದೆಯ ಪರವಿದ್ದ ಹಣಕಾಸು ಕಾರ್ಯದರ್ಶಿ ಹ್ಯಾಮಿಲ್ಟನ್‌ಗೆ ಕಳಿಸಿ ಉತ್ತರ ಕೇಳಿದರು. ಹ್ಯಾಮಿಲ್ಟನ್ ಒಂದೊಂದು ಅಂಶಕ್ಕೂ ದೀರ್ಘ ಉತ್ತರ ಬರೆದರು, 25ರಂದು ಸಹಿ ಬಿತ್ತು. ಕಾಗದದ ಮೇಲೆ ಜಗಳವಾಡಿದರೆ ವ್ಯಕ್ತಿ ಹಿಂದೆ ಸರಿದು ವಾದ ಮುಂದೆ ಬರುತ್ತದೆ. ಸೋತವರಿಗೂ ತಮ್ಮ ಮಾತು ಪೂರ್ತಿ ಕೇಳಿಸಿಕೊಂಡರು ಎಂಬುದು ಗೊತ್ತಿರುತ್ತದೆ. ಗಡುವು ಖಚಿತವಾಗಿರಲಿ, ಕೊನೆಯ ಮಾತು ನಿಮ್ಮದಿರಲಿ. ಇಷ್ಟಾದರೂ ಮನಸ್ತಾಪ ಹೋಗದಿರಬಹುದು: ವಾಷಿಂಗ್ಟನ್ 1792ರಲ್ಲಿ ಜೆಫರ್ಸನ್, ಹ್ಯಾಮಿಲ್ಟನ್ ಇಬ್ಬರಿಗೂ ಪತ್ರ ಬರೆದು ಸೈರಣೆ ಬೇಡಿದರು, ಫಲವಾಗಲಿಲ್ಲ. 1793ರ ಕೊನೆಗೆ ಜೆಫರ್ಸನ್ ಹೊರನಡೆದರು, 1795ರ ಆರಂಭದಲ್ಲಿ ಹ್ಯಾಮಿಲ್ಟನ್.

ಪ್ರಶ್ನೆ: ಭಾರಿ ಬಹುಮತದಿಂದ ಸಂಘದ ಅಧ್ಯಕ್ಷೆಯಾಗಿ ಆರಿಸಿ ಬಂದಿದ್ದೇನೆ. ದೊಡ್ಡ ಬದಲಾವಣೆ ತರಲು ಇದೇ ಸಮಯವಲ್ಲವೇ? ಸೋತ ಬಣವನ್ನು ಕೇಳುವ ಅಗತ್ಯವಿದೆಯೇ?

ಉತ್ತರ: 1936ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ 96 ಸ್ಥಾನಗಳಲ್ಲಿ 70ಕ್ಕೂ ಹೆಚ್ಚು ಅವರ ಪಕ್ಷದವು. ಆ ಹುಮ್ಮಸ್ಸಿನಲ್ಲಿ 1937ರ ಫೆಬ್ರವರಿ 5ರಂದು, ತಮ್ಮ ಕಾನೂನುಗಳನ್ನು ತಳ್ಳಿಹಾಕುತ್ತಿದ್ದ ಸುಪ್ರೀಂ ಕೋರ್ಟ್‌ಗೆ ಆರು ಮಂದಿಯವರೆಗೆ ಹೊಸ ನ್ಯಾಯಮೂರ್ತಿಗಳನ್ನು ಸೇರಿಸುವ ಯೋಜನೆ ಹೊರಗಿಟ್ಟರು. ಸಂಸತ್ತಿನಲ್ಲಿ ತಮ್ಮದೇ ಪಕ್ಷದ ಮುಂದಾಳುಗಳಿಗೆ ವಿಷಯ ತಿಳಿದದ್ದು ಅದೇ ದಿನ. ಕೊಟ್ಟ ಕಾರಣ ನಿಜವಾದ ಕಾರಣವಾಗಿರಲಿಲ್ಲ: ನ್ಯಾಯಮೂರ್ತಿಗಳಿಗೆ ವಯಸ್ಸಾಗಿದೆ, ಕೆಲಸ ಬಾಕಿ ಬೀಳುತ್ತಿದೆ ಎಂದರು. ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಅಂಕಿ ಅಂಶ ಕೊಟ್ಟು, ಬಾಕಿ ಏನೂ ಇಲ್ಲ ಎಂದು ಸೆನೆಟರ್ ಬರ್ಟನ್ ವೀಲರ್‌ಗೆ ಪತ್ರ ಬರೆದರು. ರೂಸ್‌ವೆಲ್ಟ್ ಪಕ್ಷದವರೇ ಆದ ಈ ವೀಲರ್ ವಿರೋಧದ ಮುಂದಾಳು. ಜುಲೈ 22ರಂದು ಸೆನೆಟ್ 70-20 ಮತಗಳಿಂದ ಮಸೂದೆಯನ್ನು ಸಮಿತಿಗೆ ವಾಪಸ್ ಕಳಿಸಿ ಮುಗಿಸಿತು. ಬಹುಮತ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸುತ್ತದೆ, ಪ್ರತಿ ಯೋಜನೆಗೂ ಮುಂಗಡ ಸಹಿ ಹಾಕಿರುವುದಿಲ್ಲ. ಪ್ರಕಟಿಸುವ ಮುನ್ನ ನಿಮ್ಮವರೇ ಐದಾರು ಮಂದಿಗೆ ಕರಡು ತೋರಿಸಿ, ನಿಜವಾದ ಕಾರಣವನ್ನೇ ಹೇಳಿ.

ಸೋತ ಬಣದ ವಿಷಯಕ್ಕೆ ಎರಡು ಒಪ್ಪಂದಗಳ ಕಥೆ ಸಾಕು. 1919ರಲ್ಲಿ ವುಡ್ರೋ ವಿಲ್ಸನ್ ಪ್ಯಾರಿಸ್ ಶಾಂತಿ ಮಾತುಕತೆಗೆ ಒಬ್ಬ ಸೆನೆಟರನ್ನೂ ನಿಯೋಗದಲ್ಲಿ ಸೇರಿಸಲಿಲ್ಲ. ಆ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕಿತ್ತು, ಅಲ್ಲಿ ಬಹುಮತ ಎದುರು ಪಕ್ಷವಾದ ರಿಪಬ್ಲಿಕನ್ನರದ್ದಾಗಿತ್ತು. ತಿದ್ದುಪಡಿಗೂ ವಿಲ್ಸನ್ ಒಪ್ಪಲಿಲ್ಲ, ಒಪ್ಪಂದ ಬಿದ್ದುಹೋಯಿತು. ವಿಲ್ಸನ್ ತಾವೇ ಕನಸು ಕಂಡಿದ್ದ ರಾಷ್ಟ್ರಸಂಘಕ್ಕೆ (ಲೀಗ್ ಆಫ್ ನೇಷನ್ಸ್) ಅಮೆರಿಕ ಸೇರಲೇ ಇಲ್ಲ. 1945ರಲ್ಲಿ ವಿಶ್ವಸಂಸ್ಥೆಯ ಸನ್ನದು ಬರೆಯುವ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ರೂಸ್‌ವೆಲ್ಟ್ ಆರಿಸಿದ ನಿಯೋಗದಲ್ಲಿ ಎದುರು ಪಕ್ಷದ ಸೆನೆಟರ್ ವ್ಯಾಂಡನ್‌ಬರ್ಗ್ ಇದ್ದರು. ಸೆನೆಟ್ ಅದನ್ನು 89-2ರಿಂದ ಅಂಗೀಕರಿಸಿತು. ಎದುರು ಬಣದವರನ್ನು ಬರೆಯುವ ಹಂತದಲ್ಲೇ ಸೇರಿಸಿ. ಬರೆದಾದ ಮೇಲೆ ಸಹಿಗೆ ಕರೆದರೆ ಅವರಿಗೆ ಉಳಿಯುವುದು ಬೇಡ ಎನ್ನುವ ಕೆಲಸ ಒಂದೇ.

ಪ್ರಶ್ನೆ: ಹಣದ ಮುಗ್ಗಟ್ಟು ಇದೆ ಎಂದು ಸಿಬ್ಬಂದಿಗೆ ಹೇಳಬೇಕಾಗಿದೆ. ಗಾಬರಿ ಹುಟ್ಟದಂತೆ ಹೇಗೆ ಹೇಳಲಿ?

ಉತ್ತರ: 1933ರ ಮಾರ್ಚ್ 12, ಭಾನುವಾರ ರಾತ್ರಿ ರೂಸ್‌ವೆಲ್ಟ್ ಮಾಡಿದ ರೇಡಿಯೊ ಭಾಷಣವನ್ನು ಬಿಡಿಸಿ ನೋಡಿ. ಜನ ಬ್ಯಾಂಕುಗಳಿಗೆ ಮುಗಿಬಿದ್ದು ಹಣ ತೆಗೆಯುತ್ತಿದ್ದರು, ದೇಶದ ಬ್ಯಾಂಕುಗಳಿಗೆಲ್ಲ ಬೀಗ ಹಾಕಿಸಿ ವಾರವಾಗಿತ್ತು. ಕಾಲು ಗಂಟೆಯೊಳಗೆ ಮುಗಿದ ಆ ಮಾತು ಶುರುವಾಗುವುದೇ ಬ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ: ನೀವು ಇಟ್ಟ ಹಣ ತಿಜೋರಿಯಲ್ಲಿ ಕೂತಿರುವುದಿಲ್ಲ, ಸಾಲವಾಗಿ ದುಡಿಯುತ್ತಿರುತ್ತದೆ, ಎಲ್ಲರೂ ಒಟ್ಟಿಗೆ ಕೇಳಿದರೆ ಎಂಥ ಗಟ್ಟಿ ಬ್ಯಾಂಕೂ ಕೊಡಲಾರದು. ಆಮೇಲೆ ವೇಳಾಪಟ್ಟಿ: ಸೋಮವಾರ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಫೆಡರಲ್ ರಿಸರ್ವ್ ಬ್ಯಾಂಕುಗಳಿರುವ 12 ನಗರಗಳಲ್ಲಿ, ಮಂಗಳವಾರ ಕ್ಲಿಯರಿಂಗ್ ಹೌಸ್ (ಬ್ಯಾಂಕುಗಳು ಪರಸ್ಪರ ಚೆಕ್ ಲೆಕ್ಕ ತೀರಿಸಿಕೊಳ್ಳುವ ಕೇಂದ್ರ) ಇರುವ ನಗರಗಳಲ್ಲಿ, ಬುಧವಾರದಿಂದ ಉಳಿದ ಊರುಗಳಲ್ಲಿ ತೆರೆಯುತ್ತವೆ. ನಿಮ್ಮ ಬ್ಯಾಂಕ್ ನಾಳೆಯೇ ತೆರೆಯದಿದ್ದರೆ ಮುಳುಗಿತು ಎಂದುಕೊಳ್ಳಬೇಡಿ ಎಂದು ಮೊದಲೇ ಎಚ್ಚರಿಸಿದರು. ಎಲ್ಲ ಬ್ಯಾಂಕೂ ತೆರೆಯುತ್ತವೆ, ಯಾರಿಗೂ ನಷ್ಟವಾಗದು ಎಂಬ ಭರವಸೆಯನ್ನು ಕೊಡಲಿಲ್ಲ. ಕೊಡಲಾರೆ ಎಂದೇ ಹೇಳಿದರು. ಬ್ಯಾಂಕ್ ತೆರೆದಾಗ ಜನ ಹಣ ಕಟ್ಟಲು ಸಾಲುಗಟ್ಟಿದರು.

ನಿಮ್ಮ ಮಾತಿನಲ್ಲೂ ಇದೇ ಕ್ರಮವಿರಲಿ: ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾಕೆ ನಿಂತಿತು, ಯಾವ ತಾರೀಕಿಗೆ ಏನಾಗುತ್ತದೆ, ಯಾವುದಕ್ಕೆ ಭರವಸೆ ಇಲ್ಲ, ಅವರು ಏನು ಮಾಡಬೇಕು. ಹೇಳಿದ ಮೇಲಿನ ವಾರ ನಿಮ್ಮ ನಡೆ ಮಾತಿಗೆ ತಾಳೆಯಾಗಬೇಕು. ಜಿಮ್ಮಿ ಕಾರ್ಟರ್ 1979ರ ಜುಲೈ 15ರಂದು ದೇಶದ ಆತ್ಮವಿಶ್ವಾಸದ ಬಿಕ್ಕಟ್ಟಿನ ಬಗ್ಗೆ ಮಾತಾಡಿದಾಗ ಜನ ಮೊದಲು ಮೆಚ್ಚಿದರು. ಎರಡೇ ದಿನದಲ್ಲಿ ಇಡೀ ಸಂಪುಟದಿಂದ ರಾಜೀನಾಮೆ ಕೇಳಿ ಪಡೆದದ್ದು ಗೊತ್ತಾದಾಗ, ಸರ್ಕಾರವೇ ಕುಸಿಯುತ್ತಿದೆ ಎಂಬ ಭಾವನೆ ಹಬ್ಬಿ ಮೆಚ್ಚುಗೆ ಕರಗಿತು.

ಪ್ರಶ್ನೆ: ಸಂಸ್ಥೆಯಲ್ಲಿ ದೊಡ್ಡ ತಪ್ಪಾಗಿದೆ. ಕ್ಷಮಾಪಣೆಯ ಹೇಳಿಕೆ ಬರೆಯುವುದು ಹೇಗೆ?

ಉತ್ತರ: ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಸೇನಾಧಿಪತಿಯಾಗಿದ್ದಾಗ, 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಗೆ ಮುಂಚೆ, ಸೋತರೆ ಓದಲೆಂದು ಒಂದು ಚೀಟಿ ಬರೆದಿಟ್ಟಿದ್ದರು. ಪೆನ್ಸಿಲ್ ಬರಹ, ಕೆಲವೇ ಸಾಲು. ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ ಎಂಬ ಅರ್ಥದಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿ, ಸೈನ್ಯವನ್ನು ನಾನು ಹಿಂದಕ್ಕೆ ಕರೆಸಿದ್ದೇನೆ ಎಂದು ತಿದ್ದಿದ್ದಾರೆ. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬುದು ಕೊನೆಯ ಸಾಲು.

ಎದುರಿಗೆ ರೊನಾಲ್ಡ್ ರೇಗನ್ ಅವರನ್ನು ಇಟ್ಟು ನೋಡಿ. 1986ರ ನವೆಂಬರ್‌ನಲ್ಲಿ, ಒತ್ತೆಯಾಳುಗಳ ಬಿಡುಗಡೆಗಾಗಿ ಇರಾನ್‌ಗೆ ಶಸ್ತ್ರಾಸ್ತ್ರ ಕೊಟ್ಟಿಲ್ಲ ಎಂದರು. 1987ರ ಜನವರಿಯಲ್ಲಿ, ಗಂಭೀರ ತಪ್ಪುಗಳಾಗಿವೆ ಎಂದರು, ಯಾರಿಂದ ಎಂದು ಹೇಳಲಿಲ್ಲ. ಎರಡೂ ನಿಲ್ಲಲಿಲ್ಲ. ತಾವೇ ನೇಮಿಸಿದ ಟವರ್ ಆಯೋಗದ ವರದಿ ಬಂದ ಮೇಲೆ ಮಾರ್ಚ್ 4ರಂದು, ಹಾಗೆ ಕೊಟ್ಟಿಲ್ಲ ಎಂದು ಹಿಂದೆ ಹೇಳಿದ್ದೆ, ಮನಸ್ಸು ಈಗಲೂ ಅದನ್ನೇ ನಂಬುತ್ತದೆ, ಆದರೆ ಸಾಕ್ಷ್ಯಗಳು ಬೇರೆ ಹೇಳುತ್ತವೆ ಎಂದು ಒಪ್ಪಿಕೊಂಡರು, ಹೊಣೆ ತಮ್ಮದೆಂದರು, ಸಿಬ್ಬಂದಿ ಮುಖ್ಯಸ್ಥರನ್ನು ಬದಲಿಸಿದ್ದನ್ನೂ ಕೆಲಸದ ವಿಧಾನ ಬದಲಿಸುವುದನ್ನೂ ವಿವರಿಸಿದರು. ಆಗ ಮಾತು ಸ್ವಲ್ಪ ಮಟ್ಟಿಗೆ ನಾಟಿತು.

ನಿಮ್ಮ ಕರಡಿನಲ್ಲಿ ‘ಆಗಿದೆ’, ‘ನಡೆದಿದೆ’ ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೂ ಗೆರೆ ಎಳೆಯಿರಿ, ಮಾಡಿದವರು ಯಾರು ಎಂದು ತುಂಬಿ. ಏನಾಯಿತು, ತೀರ್ಮಾನ ಯಾರದು, ಯಾರಿಗೆ ತೊಂದರೆಯಾಯಿತು, ಏನು ಬದಲಾಗುತ್ತದೆ, ಎಂದಿನೊಳಗೆ: ಈ ಐದಕ್ಕೆ ಉತ್ತರವಿದ್ದರೆ ಒಂದು ಪುಟ ಸಾಕು. ನಿಮ್ಮ ಹೆಸರಿನಲ್ಲೇ ಹೊರಡಲಿ.

ಪ್ರಶ್ನೆ: ಇವರೆಲ್ಲ ಮಹಾಪುರುಷರೇ? ವಾಷಿಂಗ್ಟನ್ ಗುಲಾಮರನ್ನು ಇಟ್ಟುಕೊಂಡಿದ್ದರಲ್ಲ?

ಉತ್ತರ: ಇಟ್ಟುಕೊಂಡಿದ್ದರು. 1799ರಲ್ಲಿ ಅವರ ಮೌಂಟ್ ವರ್ನನ್ ಎಸ್ಟೇಟ್‌ನಲ್ಲಿ 300ಕ್ಕೂ ಹೆಚ್ಚು ಗುಲಾಮರಿದ್ದರು. ಅದನ್ನು ಮುಚ್ಚಿಟ್ಟು ಕಲಿಯುವ ಪಾಠ ನಮಗೂ ಬೇಡ. ಮೇಲೆ ಎರಡು ಕಡೆ ಹೊಗಳಿದ ರೂಸ್‌ವೆಲ್ಟ್ ಅವರೇ 1942ರ ಫೆಬ್ರವರಿ 19ರಂದು ಸಹಿ ಹಾಕಿದ ಆದೇಶದಿಂದ ಜಪಾನ್ ಮೂಲದ ಸುಮಾರು 1,20,000 ಮಂದಿ ಮನೆ ಮಠ ಬಿಟ್ಟು ಶಿಬಿರಗಳಲ್ಲಿ ಬಂದಿಗಳಾದರು. ಹೆಚ್ಚಿನವರು ಅಮೆರಿಕದ ಪ್ರಜೆಗಳು. ಅಟಾರ್ನಿ ಜನರಲ್ ಬಿಡಲ್ ವಿರೋಧಿಸಿದ್ದರು. ಅವರನ್ನೂ ಸೇನೆಯವರನ್ನೂ ಎದುರುಬದುರು ಕೂರಿಸಿ ಕೇಳಲಿಲ್ಲ. ಯುದ್ಧ ಇಲಾಖೆಯ ಕಾರ್ಯದರ್ಶಿ ಸ್ಟಿಮ್‌ಸನ್ ಮಾಡಿದ ಒಂದು ಫೋನ್ ಕರೆಯಲ್ಲಿ ಅಧ್ಯಕ್ಷರ ಒಪ್ಪಿಗೆ ಸಿಕ್ಕಿಬಿಟ್ಟಿತ್ತು. ಬ್ಯಾಂಕಿನ ವಿಷಯದಲ್ಲಿ ಅಷ್ಟು ಜಾಗರೂಕರಾಗಿದ್ದವರು ಜನರ ಸ್ವಾತಂತ್ರ್ಯದ ವಿಷಯದಲ್ಲಿ ಹಾಗೆ ನಡೆದುಕೊಂಡರು. ಅದಕ್ಕೇ ಒಬ್ಬ ಅಧ್ಯಕ್ಷನನ್ನು ಇಡಿಯಾಗಿ ಮಾದರಿ ಮಾಡಿಕೊಳ್ಳಬೇಡಿ ಎನ್ನುತ್ತೇವೆ. ಒಂದೊಂದು ತೀರ್ಮಾನವನ್ನೇ ತೆಗೆದು ನೋಡಿ: ಯಾರ ಮಾತು ಕೇಳಿದರು, ತೊಂದರೆ ಅನುಭವಿಸಬೇಕಾದವರ ಪರವಾಗಿ ಕೋಣೆಯಲ್ಲಿ ಯಾರಿದ್ದರು?

ಪ್ರಶ್ನೆ: ನಿವೃತ್ತಿಗೆ ಇನ್ನೂ ವರ್ಷವಿದೆ. ಉತ್ತರಾಧಿಕಾರಿಗೆ ಈಗಲೇ ಎಲ್ಲ ಹೇಳಬೇಕೇ?

ಉತ್ತರ: ಈಗಲೇ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಉಪಾಧ್ಯಕ್ಷ ಹ್ಯಾರಿ ಟ್ರೂಮನ್ ಆ ಹುದ್ದೆಗೆ ಬಂದು 82 ದಿನವಾಗಿತ್ತು. ಅಣುಬಾಂಬ್ ತಯಾರಾಗುತ್ತಿರುವ ವಿಷಯವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಪೂರ್ತಿ ವಿವರ ಸಿಕ್ಕಿದ್ದು 25ರಂದು. ಟ್ರೂಮನ್ ಅದನ್ನು ಮರೆಯಲಿಲ್ಲ. 1952ರಲ್ಲಿ ಸ್ಪರ್ಧೆಯಲ್ಲಿದ್ದ ಐಸೆನ್‌ಹೋವರ್, ಸ್ಟೀವನ್‌ಸನ್ ಇಬ್ಬರಿಗೂ ಗುಪ್ತಚರ ಮಾಹಿತಿ ಕೊಡಿಸುವ ಪದ್ಧತಿ ಶುರುಮಾಡಿದರು. ಯಾರು ಗೆದ್ದರೂ ಮೊದಲ ದಿನ ಕತ್ತಲಲ್ಲಿ ತಡಕಾಡಬಾರದು ಎಂಬುದೇ ಉದ್ದೇಶ.

ಈ ತಿಂಗಳೇ ಮೂರು ಕಾಗದ ತಯಾರಿಸಿ: ನಿಮಗೊಬ್ಬರಿಗೇ ಗೊತ್ತಿರುವ ವಿಷಯಗಳು; ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳು, ಯಾರಿಗೆ ಎಂಬುದರ ಸಮೇತ; ಮುಂದಿನ ಆರು ತಿಂಗಳಲ್ಲಿ ಸಿಡಿಯಬಹುದಾದ ಸಮಸ್ಯೆಗಳು. ಎರಡನೆಯ ಕಾಗದವನ್ನೇ ಹೆಚ್ಚಿನವರು ಬರೆಯದೆ ಹೋಗುತ್ತಾರೆ, ಹೊಸಬರಿಗೆ ಮೊದಲು ಎದುರಾಗುವುದೂ ಅದೇ. ಉತ್ತರಾಧಿಕಾರಿ ಯಾರೆಂದು ಇನ್ನೂ ತೀರ್ಮಾನವಾಗಿಲ್ಲದಿದ್ದರೆ, ಸಾಧ್ಯತೆಯಿರುವ ಇಬ್ಬರಿಗೂ ತೋರಿಸಿ.